ಸೋಲದ ಸೋಲ್

1962ರಲ್ಲಿ ಧಾರವಾಡದ ಹತ್ತಿರದ ಕಾಡಿನಲ್ಲಿ ಜಪಾನಿನ ಯುಕಿಮಾರು ಸುಗಿಯಾಮ ಮುಸುವಗಳ ಬೆನ್ನು ಹತ್ತಿದ್ದರು. ಅವರ ಕಣ್ಣೆದುರೇ ಹೊರಗಿನ ಗಂಡುಗಳು ಒಂದು ಹಿಂಡಿಗೆ ನುಗ್ಗಿ ಯಜಮಾನನನ್ನು ಓಡಿಸಿದವು. ಗೆದ್ದವುಗಳಲ್ಲಿ ಒಂದೇ ಗಂಡು ಹಿಂಡಿನಲ್ಲಿ ನಿಂತಿತು. ಆಮೇಲೆ ಆ ಹಿಂಡಿನ ಮರಿಗಳಿಗೆ ಉಳಿಗಾಲವಿರಲಿಲ್ಲ.

ಮರಿ ಕೊಂದು ಕೋತಿಗೇನು ಲಾಭ? ಹಾರ್ವರ್ಡ್‌ನಲ್ಲಿ ಮಾನವಶಾಸ್ತ್ರ ಓದುತ್ತಿದ್ದ ಅಮೆರಿಕದ ಸಾರಾ ಬ್ಲಾಫರ್ ಹರ್ಡಿಗೆ ಈ ಪ್ರಶ್ನೆ ಹತ್ತಿಕೊಂಡಿತು. ಸಂಖ್ಯೆ ಹೆಚ್ಚಿ ಇಕ್ಕಟ್ಟಾದಾಗ ಪ್ರಾಣಿಗಳಿಗೆ ತಲೆಕೆಡುತ್ತದೆ ಎಂದುಕೊಂಡೇ ಅವರು 1971ರಲ್ಲಿ ರಾಜಸ್ಥಾನದ ಮೌಂಟ್ ಅಬುಗೆ ಬಂದರು. ಆ ಊಹೆ ನಿಲ್ಲಲಿಲ್ಲ. ಇಕ್ಕಟ್ಟಿನಲ್ಲೂ ಹಿಂಡಿನ ಯಜಮಾನ ಮರಿಗಳ ತುಂಟಾಟ ಸಹಿಸಿಕೊಂಡಿರುತ್ತಿತ್ತು. ಮರಿಗಳ ಮೇಲೆ ಬೀಳುತ್ತಿದ್ದದ್ದು ಹೊಸದಾಗಿ ಬಂದ ಗಂಡು. ಅಬುವಿನಲ್ಲಿ ಗಂಡಿನ ದರ್ಬಾರು ಸರಾಸರಿ ಎರಡು ವರ್ಷ ಚಿಲ್ಲರೆ. ಮೊಲೆ ಕುಡಿಯುವ ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತದೆ, ಹೊಸ ಗಂಡು ಅಷ್ಟರೊಳಗೆ ತನ್ನ ಮರಿ ಹುಟ್ಟಿಸಬಹುದು. ಲೆಕ್ಕ ಇಷ್ಟೇ, ಕ್ರೂರವಾದದ್ದು.

ಹಿರಿಯ ವಿದ್ವಾಂಸರು ಕೆಲವರು ಒಪ್ಪಲಿಲ್ಲ. ಜನರ ನಡುವೆ ಬದುಕಿ ಕೆಟ್ಟ ಕೋತಿಗಳಿವು ಎಂದರು. 1999ರಲ್ಲಿ ನೇಪಾಳದ ರಾಮನಗರದ ಮುಸುವಗಳ ಡಿಎನ್‌ಎ ನೋಡಿದಾಗ, ಮರಿಗಳ ಮೇಲೆ ಎರಗಿದ ಗಂಡುಗಳು ಅವುಗಳ ಅಪ್ಪಂದಿರಲ್ಲ ಎಂದು ಗೊತ್ತಾಯಿತು.

ನನಗೆ ಹರ್ಡಿ ಇಷ್ಟವಾಗುವುದು ಗಂಡುಗಳ ಕಥೆಗೇ ನಿಲ್ಲದೆ ಹೆಣ್ಣುಗಳ ಕಡೆ ತಿರುಗಿದ್ದಕ್ಕೆ. ಮಗ್ ಎಂದು ಅವರು ಹೆಸರಿಟ್ಟ ಗಂಡು ಒಂದು ಮರಿಯನ್ನು ಹಿಡಿದಾಗ ಬಿಡಿಸಲು ನುಗ್ಗಿದ್ದು ಸೋಲ್ ಎಂಬ ಮುದುಕಿ, ಜೊತೆಗೆ ಮುಂಗೈ ಇಲ್ಲದ ಇನ್ನೊಂದು ಹೆಣ್ಣು. ಸೋಲ್‌ಗೆ ಹೆರುವ ಕಾಲ ಮುಗಿದಿತ್ತು, ಹಿಂಡಿನಲ್ಲಿ ಅದನ್ನು ಕೇಳುವವರೂ ಇರಲಿಲ್ಲ. (ಕನ್ನಡದ ಕಿವಿಗೆ ಆ ಹೆಸರೇ ತಮಾಷೆ.) ಬಸುರಿ ಮುಸುವಗಳೂ ಹೊರಗಿನ ಗಂಡುಗಳ ಜೊತೆ ಕೂಡುವುದನ್ನು ಹರ್ಡಿ ಕಂಡರು. ಮರಿ ಯಾರದೆಂದು ತಿಳಿಯದ ಗಂಡು ಕೊಲ್ಲಲು ಹಿಂಜರಿಯುತ್ತದೆ ಎಂಬುದು ಅವರ ವಾದ.

ಮುಂದೆ ಅವರು ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಪ್ರಾಧ್ಯಾಪಕಿಯಾದರು, ನಿವೃತ್ತರಾಗಿ ಅಕ್ರೋಟು ತೋಟ ಮಾಡಿದರು. ಅಬುವಿನ ಇನ್ನೊಂದು ನೋಟ ಮಾತ್ರ ಅವರನ್ನು ಬಿಡಲಿಲ್ಲ: ಬೂದು ಮೈಯ ಹೆಣ್ಣುಗಳ ನಡುವೆ ಕೈಯಿಂದ ಕೈಗೆ ದಾಟುವ ಕಪ್ಪು ಹಸುಮರಿ. ಮನುಷ್ಯರ ಪೂರ್ವಜರಲ್ಲೂ ಕೂಸು ಸಾಕಿದ್ದು ತಾಯಿ ಒಬ್ಬಳೇ ಅಲ್ಲ ಎಂದು 2009ರಲ್ಲಿ ಅವರು ದೊಡ್ಡ ಪುಸ್ತಕವನ್ನೇ ಬರೆದರು. ಚಿಂಪಾಂಜಿ ತಾಯಿ ಮರಿಯನ್ನು ತಿಂಗಳುಗಟ್ಟಲೆ ಮೈಯಿಂದ ಬಿಡಿಸುವುದಿಲ್ಲ. ನಮ್ಮ ಬಾಣಂತಿ, ಹೆತ್ತು ವಾರವಾಗುವುದರೊಳಗೆ, ಬಚ್ಚಲಲ್ಲಿ ಕಾಲು ಚಾಚಿ ಕೂತ ಅಜ್ಜಿಗೆ ಕೂಸನ್ನು ಎರೆಯಲು ಕೊಟ್ಟು ನಿದ್ದೆಗೆ ಹೋಗುತ್ತಾಳೆ.