ಮೂರು ತಲೆಮಾರು, 75 ವರ್ಷ: ಮಲೆನಾಡಿನ ಸಾಗುವಳಿ ಜಮೀನು ಸಂಸತ್ತಿನ ಕೈಗೆ ಹೋದ ಬಗೆ

ಹೊಸನಗರ ತಾಲ್ಲೂಕಿನಲ್ಲಿ ನಮ್ಮ ಮನೆಯಿಂದ ಎರಡು ದಿಬ್ಬ ಆಚೆ ಇರುವ ರೈತರೊಬ್ಬರು ಪ್ರತಿ ಬೇಸಿಗೆಯಲ್ಲೂ ಅಟ್ಟದ ಮೇಲಿನ ಟ್ರಂಕು ಇಳಿಸಿ, ಒಳಗಿನ ಕಾಗದಗಳನ್ನು ಬಿಸಿಲಿಗೆ ಹರಡುತ್ತಾರೆ. ಮಲೆನಾಡಿನ ಮಳೆಗಾಲ ಕಾಗದವನ್ನು ಉಳಿಸುವುದಿಲ್ಲ. ಸಾಗುವಳಿ ಸಕ್ರಮ ಮಾಡಿಕೊಡಿ ಎಂದು ಹಾಕಿದ ಫಾರಂ 50ರ ಸ್ವೀಕೃತಿ, ಫಾರಂ 53ರ ಸ್ವೀಕೃತಿ, ದಂಡ ಕಟ್ಟಿದ ರಸೀದಿಗಳು, ಅಣೆಕಟ್ಟೆಯ ನೀರಿಗೆ ಊರು ಕಳೆದುಕೊಂಡ ಮುಳುಗಡೆ ಸಂತ್ರಸ್ತರ, ಅಪ್ಪನ ಹೆಸರಿರುವ ಪಟ್ಟಿ, ಎಲ್ಲಕ್ಕಿಂತ ಮೇಲೆ ಅರಣ್ಯ ಹಕ್ಕಿನ ಅರ್ಜಿ ತಿರಸ್ಕೃತವಾಗಿದೆ ಎಂಬ ಹಿಂಬರಹ. ಅದರಲ್ಲಿ ಕೊಟ್ಟಿರುವ ಕಾರಣ ಒಂದೇ ಸಾಲಿನದು: ಮೂರು ತಲೆಮಾರಿನ ವಾಸಕ್ಕೆ ದಾಖಲೆ ಇಲ್ಲ.

ಈ ಹಿಂಬರಹ ಹಿಡಿದು ಅವರು ಗ್ರಾಮ ಪಂಚಾಯಿತಿಗೆ, ತಾಲ್ಲೂಕು ಕಚೇರಿಗೆ, ಶಾಸಕರ ಮನೆಗೆ ಅಲೆದಿದ್ದಾರೆ. ಸಂಸದರ ಬಳಿಗೆ ಒಮ್ಮೆಯೂ ಹೋಗಿಲ್ಲ. ನಮ್ಮ ಕಡೆ ಹೆಚ್ಚಿನವರು ಮಾಡುವುದು ಹೀಗೆಯೇ. ಜಮೀನೆಂದರೆ ಶಾಸಕರು, ರೈಲು ಮತ್ತು ಹೆದ್ದಾರಿಯೆಂದರೆ ಸಂಸದರು ಎಂದು ಮನಸ್ಸಿನಲ್ಲಿ ಹಂಚಿಕೊಂಡುಬಿಟ್ಟಿದ್ದೇವೆ. ಆದರೆ ಆ ಒಂದು ಸಾಲು ಹುಟ್ಟಿದ್ದು ಬೆಂಗಳೂರಿನಲ್ಲಲ್ಲ, ದೆಹಲಿಯ ಸಂಸತ್ತಿನಲ್ಲಿ.

ಹೀಗೆ ಹಂಚಿಕೊಂಡದ್ದಕ್ಕೆ ಕಾರಣವಿದೆ. ಗೇಣಿದಾರರು ಗೆದ್ದದ್ದು ವಿಧಾನಸೌಧದಲ್ಲಿ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಸತ್ಯಾಗ್ರಹಕ್ಕೆ ಇಳಿದರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ಹೋರಾಟಗಳ ಕಾವು 1974ರ ಭೂಸುಧಾರಣೆ ತಿದ್ದುಪಡಿಯವರೆಗೆ ಆರಲಿಲ್ಲ. ಉಳುವವನೇ ಹೊಲದೊಡೆಯ ಎಂಬುದು ಕಾನೂನಾಯಿತು. ರಾಜ್ಯಕ್ಕೆ ಅದು ಸಾಧ್ಯವಾದದ್ದು ಸಂವಿಧಾನದ ಏಳನೆಯ ಅನುಸೂಚಿಯಿಂದ. ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕೆಂದು ಅಲ್ಲಿ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಎಂದು ಭಾಗ ಮಾಡಿದ್ದಾರೆ. ರಾಜ್ಯ ಪಟ್ಟಿಯ 18ನೆಯ ನಮೂದು ಭೂಮಿ. ಅದರ ಪಕ್ಕದಲ್ಲೇ, 19ನೆಯ ನಮೂದಾಗಿ, ಆಗ ಅರಣ್ಯವೂ ಇತ್ತು.

ಭೂಮಿ ಅಲ್ಲೇ ಉಳಿಯಿತು, ಅರಣ್ಯ ಹೋಯಿತು. 1976ರಲ್ಲಿ ತುರ್ತುಪರಿಸ್ಥಿತಿಯ ನಡುವೆ ಬಂದ 42ನೆಯ ತಿದ್ದುಪಡಿ ಅರಣ್ಯವನ್ನೂ ವನ್ಯಜೀವಿ ರಕ್ಷಣೆಯನ್ನೂ ಸಮವರ್ತಿ ಪಟ್ಟಿಗೆ ಸಾಗಿಸಿತು. ಈ ಪಟ್ಟಿಯ ವಿಷಯಗಳ ಮೇಲೆ ಸಂಸತ್ತೂ ರಾಜ್ಯವೂ ಕಾನೂನು ಮಾಡಬಹುದು. ಎರಡೂ ಡಿಕ್ಕಿ ಹೊಡೆದರೆ ಸಾಮಾನ್ಯವಾಗಿ ಸಂಸತ್ತಿನದೇ ನಿಲ್ಲುತ್ತದೆ. ಏಳನೆಯ ಅನುಸೂಚಿಯನ್ನು ಮುಟ್ಟುವುದು ಹಗುರದ ಕೆಲಸವಲ್ಲ. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಬೇಕು, ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಬೇಕು, ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳೂ ಒಪ್ಪಬೇಕು. ಅಂದು ಇದೆಲ್ಲವೂ ಆಯಿತು. ಆದರೆ ವಿರೋಧ ಪಕ್ಷಗಳ ಎಷ್ಟೋ ನಾಯಕರು ಜೈಲಿನಲ್ಲಿದ್ದರು, ಮತ ಹಾಕಿದ ಲೋಕಸಭೆಯೇ ಅವಧಿ ವಿಸ್ತರಿಸಿಕೊಂಡು ಕುಳಿತಿತ್ತು. 59 ಖಂಡಗಳಿದ್ದ ಆ ತಿದ್ದುಪಡಿಯ ಒಂದು ಮೂಲೆಯಲ್ಲಿ ಅರಣ್ಯದ ಮಾತಿತ್ತು. ಇದು ನಾಳೆ ತಮ್ಮ ಗದ್ದೆಯಂಚಿಗೆ ಬರುತ್ತದೆಂದು ಮಲೆನಾಡಿನಲ್ಲಿ ಯಾರು ತಾನೇ ಊಹಿಸಿದ್ದಾರು?

ಕಾಡು ಉಳಿಸಬೇಕೆಂಬ ಉದ್ದೇಶ ತಪ್ಪೆಂದು ನಾನು ಹೇಳಲಾರೆ. ಅಣೆಕಟ್ಟಿಗೆ, ಗಣಿಗೆ, ಕಾರ್ಖಾನೆಗೆ ರಾಜ್ಯಗಳು ಕಾಡನ್ನು ಧಾರಾಳವಾಗಿ ಕೊಡುತ್ತಿದ್ದವು. ಶರಾವತಿ ಕಣಿವೆ ಕಣ್ಣಮುಂದೆಯೇ ಇದೆ.

1980ರ ಅಕ್ಟೋಬರ್ 25ರಂದು ಅರಣ್ಯ ಸಂರಕ್ಷಣೆಯ ಸುಗ್ರೀವಾಜ್ಞೆ ಹೊರಟಿತು. ಅಧಿವೇಶನ ನಡೆಯದ ಹೊತ್ತಿನಲ್ಲಿ ಕೇಂದ್ರ ಸಂಪುಟದ ಸಲಹೆಯಂತೆ ರಾಷ್ಟ್ರಪತಿ ಹೊರಡಿಸುವ ಇಂಥ ಆಜ್ಞೆ, ಸಂಸತ್ತು ಮತ್ತೆ ಸೇರಿದ ಆರು ವಾರಗಳೊಳಗೆ ಒಪ್ಪಿಗೆ ಪಡೆಯದಿದ್ದರೆ ಬಿದ್ದುಹೋಗುತ್ತದೆ. ಇದು ಬೀಳಲಿಲ್ಲ, ಅದೇ ವರ್ಷ ಕಾಯ್ದೆಯಾಯಿತು. ಕೇಂದ್ರದ ಪೂರ್ವಾನುಮತಿಯಿಲ್ಲದೆ ಯಾವ ರಾಜ್ಯವೂ ಅರಣ್ಯ ಭೂಮಿಯನ್ನು ಮೀಸಲಿನಿಂದ ಬಿಡಿಸುವಂತಿಲ್ಲ, ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ ಎಂಬುದೇ ಅದರ ತಿರುಳು.

ಮುಳುಗಡೆಯ ಜನರಿಗೆ ಏಟು ಬಿದ್ದದ್ದು ಇಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿಯುವ ಹೊತ್ತಿಗೆ ಶರಾವತಿ ಕಣಿವೆಯ ಹಳ್ಳಿಗಳು ಖಾಲಿಯಾಗಿದ್ದವು. ಸರ್ಕಾರವೇ ಎಷ್ಟೋ ಕುಟುಂಬಗಳನ್ನು ಕಾಡಿನ ನಡುವೆ ತಂದು ಬಿಟ್ಟಿತು. ಆಗ ಅರಣ್ಯ ಇನ್ನೂ ರಾಜ್ಯದ ವಿಷಯ. ಜಮೀನನ್ನು ಅರಣ್ಯದಿಂದ ಬಿಡಿಸಿ ಪಕ್ಕಾ ಖಾತೆ ಮಾಡಿಕೊಡುವ ಅಧಿಕಾರ ಪೂರ್ತಿಯಾಗಿ ರಾಜ್ಯದ ಕೈಯಲ್ಲಿತ್ತು. ಎಷ್ಟೋ ಕಡೆ ಆ ಕೆಲಸ ಅರ್ಧಕ್ಕೇ ನಿಂತಿತು. ಜನ ಕಾಡು ಸವರಿ ಗದ್ದೆ ಮಾಡಿದರು, ಅಡಿಕೆ ಹಾಕಿದರು, ಮಕ್ಕಳ ಮದುವೆ ಮಾಡಿದರು. ಪಹಣಿಯಲ್ಲಿ ಮಾತ್ರ ಅರಣ್ಯ ಎಂದೇ ಉಳಿಯಿತು. 1980ರ ನಂತರ ಅದನ್ನು ತಿದ್ದಲು ರಾಜ್ಯ ಒಂದರಿಂದಲೇ ಆಗಲಿಲ್ಲ. ನಾಡಿಗೆ ಬೆಳಕು ಕೊಟ್ಟವರನ್ನು ಒತ್ತುವರಿದಾರರೆಂದು ಕರೆಯುವ ಸ್ಥಿತಿ ಬಂತು. ಈ ಅನ್ಯಾಯವನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸುವುದಿಲ್ಲ.

ಇನ್ನು ಆ ಹಿಂಬರಹದ ಸಾಲಿಗೆ ಬರುತ್ತೇನೆ. 2005ರ ಡಿಸೆಂಬರ್ 13ರಂದು ಬುಡಕಟ್ಟು ವ್ಯವಹಾರಗಳ ಸಚಿವ ಪಿ.ಆರ್. ಕಿಂಡಿಯಾ ಲೋಕಸಭೆಯಲ್ಲಿ ಅರಣ್ಯ ಹಕ್ಕಿನ ಮಸೂದೆ ಮಂಡಿಸಿದರು. ಅದರ ಹೆಸರಿನಲ್ಲಿ ಇದ್ದದ್ದು ಅನುಸೂಚಿತ ಬುಡಕಟ್ಟುಗಳು ಮಾತ್ರ. ಮಲೆನಾಡಿನ ದೀವರು, ಒಕ್ಕಲಿಗರು, ಲಿಂಗಾಯತರು, ದಲಿತರು ಯಾರೂ ಅದರೊಳಗೆ ಇರಲಿಲ್ಲ. ಸಾಗುವಳಿಗೆ ಇಟ್ಟಿದ್ದ ಗಡುವು ಅದೇ 1980ರ ಅಕ್ಟೋಬರ್ 25.

ಮಸೂದೆ ಮಂಡನೆಯಾದ ಕೂಡಲೇ ಕಾನೂನಾಗುವುದಿಲ್ಲ. ಮಂಡನೆ, ಆಮೇಲೆ ಖಂಡ ಖಂಡವಾಗಿ ಪರಿಶೀಲನೆ, ಕೊನೆಗೆ ಅಂಗೀಕಾರ. ಒಂದು ಸದನದಲ್ಲಿ ಮುಗಿದ ಮೇಲೆ ಇನ್ನೊಂದರಲ್ಲಿ ಮತ್ತೆ ಮೊದಲಿನಿಂದ. ನಡುವೆ ಸಮಿತಿಗೆ ಒಪ್ಪಿಸುವ ದಾರಿಯಿದೆ. ಟಿ.ವಿ.ಯಲ್ಲಿ ನಾವು ನೋಡುವ ಗದ್ದಲ ಸದನದ್ದು. ಸಮಿತಿಯ ಕೋಣೆಯಲ್ಲಿ ಕ್ಯಾಮೆರಾ ಇರುವುದಿಲ್ಲ. ಪಕ್ಷ ಮರೆತು ಒಂದೊಂದು ಪದದ ಮೇಲೆ ಕೂರಲು ಸದಸ್ಯರಿಗೆ ಅಲ್ಲಿ ಬಿಡುವಿರುತ್ತದೆ. ಈ ಮಸೂದೆ ಹೋದದ್ದು ವಿ. ಕಿಶೋರ್ ಚಂದ್ರ ದೇವ್ ಅಧ್ಯಕ್ಷತೆಯ, ಎರಡೂ ಸದನಗಳ ಸದಸ್ಯರಿದ್ದ ಜಂಟಿ ಸಮಿತಿಗೆ. 2006ರ ಮೇ ತಿಂಗಳಲ್ಲಿ ವರದಿ ಬಂದಾಗ ಮಸೂದೆಯ ಮುಖವೇ ಬದಲಾಗಿತ್ತು. ಬುಡಕಟ್ಟಿಗೆ ಸೇರದೆಯೂ ಕಾಡನ್ನೇ ನಂಬಿ ಬದುಕುವವರಿಗೆ ಜಾಗ ಸಿಕ್ಕಿತು. ಗಡುವು ಮಸೂದೆ ಮಂಡನೆಯಾದ ದಿನಕ್ಕೆ, 2005ರ ಡಿಸೆಂಬರ್ 13ಕ್ಕೆ ಸರಿಯಿತು. 2006ರ ಡಿಸೆಂಬರ್ 15ರಂದು ಲೋಕಸಭೆ, 18ರಂದು ರಾಜ್ಯಸಭೆ ಒಪ್ಪಿದ ಕಾಯ್ದೆಯ ಹೆಸರಿನಲ್ಲಿ 'ಇತರ ಪಾರಂಪರಿಕ ಅರಣ್ಯವಾಸಿಗಳು' ಎಂಬ ಮಾತು ಸೇರಿತ್ತು. ನಮ್ಮ ಜನ ಈ ಕಾಯ್ದೆಯೊಳಗೆ ಕಾಲಿಟ್ಟದ್ದು ಆ ಮೂರು ಪದಗಳಿಂದ.

ಆದರೆ ಬಾಗಿಲಲ್ಲಿ ಒಂದು ಹೊಸ್ತಿಲನ್ನೂ ಎತ್ತರಿಸಿ ಕಟ್ಟಿದರು. ಕಲಂ 2(ಓ)ರ ಪ್ರಕಾರ ಅಂಥವರು ಮೂರು ತಲೆಮಾರಿನಿಂದ ಅರಣ್ಯದಲ್ಲಿ ವಾಸವಿರಬೇಕು, ಒಂದು ತಲೆಮಾರೆಂದರೆ 25 ವರ್ಷ. 2005ರಿಂದ 75 ವರ್ಷ ಹಿಂದಕ್ಕೆ ಎಣಿಸಿದರೆ 1930. ನಮ್ಮ ನೆರೆಯವರ ಅಪ್ಪ ಈ ದಿಬ್ಬಕ್ಕೆ ಬಂದದ್ದು ಮುಳುಗಡೆಯಾದ ಮೇಲೆ. 1964ರಿಂದ ಎಣಿಸಿದರೂ 41 ವರ್ಷ.

ಕಾಯ್ದೆಯನ್ನು ನಿಧಾನವಾಗಿ ಓದಿದರೆ ಎರಡು ಬೇರೆ ಬೇರೆ ಷರತ್ತುಗಳು ಕಾಣುತ್ತವೆ. 75 ವರ್ಷ ಕೇಳಿರುವುದು ಅರಣ್ಯದಲ್ಲಿನ ವಾಸಕ್ಕೆ. ಆ ತುಂಡು ಜಮೀನು ಕೈಯಲ್ಲಿರಬೇಕಾದದ್ದು 2005ರ ಡಿಸೆಂಬರ್ 13ಕ್ಕೆ ಮುಂಚೆ, ಅಷ್ಟೇ. ಎರಡನ್ನೂ ಕಲಸಿ, 1930ರಿಂದ ಅದೇ ಸರ್ವೆ ನಂಬರಿನಲ್ಲಿ ಉಳುತ್ತಿದ್ದ ದಾಖಲೆ ಕೊಡಿ ಎಂದು ಕೇಳುವುದಕ್ಕೆ ಕಾಯ್ದೆಯಲ್ಲಿ ಆಧಾರವಿಲ್ಲ. ಊರಿನ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯವೆಂದು ನಿಯಮಗಳು ಹೇಳುತ್ತವೆ. ಇಂಥದೇ ದಾಖಲೆ ಬೇಕೆಂದು ಪಟ್ಟು ಹಿಡಿಯಬಾರದೆಂದು 2012ರಲ್ಲಿ ನಿಯಮಗಳಿಗೆ ಸೇರಿಸಿದ್ದಾರೆ.

ಹಾಗಿದ್ದರೂ ಮುಳುಗಡೆಯವರ ಗಂಟು ಪೂರ್ತಿ ಬಿಚ್ಚುವುದಿಲ್ಲ. ಅವರ ಹಳೆಯ ಹಳ್ಳಿ ಅರಣ್ಯವೆನಿಸಿಕೊಳ್ಳುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಯೋಜನೆಗಳಿಂದ ಒಕ್ಕಲೆದ್ದವರಿಗೆಂದೇ ಕಾಯ್ದೆಯಲ್ಲಿ 4(8) ಎಂಬ ಉಪಕಲಮಿದೆ. ಭೂಮಿಯ ಪರಿಹಾರ ಸಿಗದೆ ಎದ್ದುಬಂದವರಿಗೆ ಅದು ಹಕ್ಕು ಕೊಡುತ್ತದೆ. ಆದರೆ ವಶಪಡಿಸಿಕೊಂಡ ಜಮೀನು ಐದು ವರ್ಷಗಳೊಳಗೆ ಉದ್ದೇಶಿತ ಕೆಲಸಕ್ಕೆ ಬಳಕೆಯಾಗದೆ ಉಳಿದಿರಬೇಕು. ಶರಾವತಿಯವರ ಗದ್ದೆಗಳ ಮೇಲೆ ನೀರು ನಿಂತು 60 ವರ್ಷ ದಾಟಿತು. ಮುಳುಗಿದವರಿಗೆ ಆ ಉಪಕಲಮು ದಕ್ಕುವುದೇ ಇಲ್ಲ.

ಇದನ್ನು ಸಂಸತ್ತಿನಲ್ಲಿ ಹೇಳಬೇಕಾದವರು ಯಾರು? ಲೋಕಸಭೆಯ 543 ಸ್ಥಾನಗಳಲ್ಲಿ ಕರ್ನಾಟಕಕ್ಕೆ 28, ರಾಜ್ಯಸಭೆಯಲ್ಲಿ 12. ಶಿವಮೊಗ್ಗ ಕ್ಷೇತ್ರದಲ್ಲಿ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳ ಜೊತೆ ಘಟ್ಟದ ಕೆಳಗಿನ ಬೈಂದೂರೂ ಸೇರಿದೆ. ಶೃಂಗೇರಿ, ಮೂಡಿಗೆರೆಗಳು ಉಡುಪಿಯ ಜೊತೆ, ಶಿರಸಿ, ಸಿದ್ದಾಪುರಗಳು ಉತ್ತರ ಕನ್ನಡದಲ್ಲಿ. ಒಂದೇ ಸಂಕಟ ಹಲವು ಕ್ಷೇತ್ರಗಳಲ್ಲಿ ಹರಿದು ಹಂಚಿಹೋಗಿರುವುದರಿಂದ ಯಾರೊಬ್ಬರ ಮೊದಲ ಕೆಲಸವೂ ಆಗುವುದಿಲ್ಲ. ಹಾಗೆಂದು ಇಲ್ಲಿಂದ ಹೋದ ದನಿ ಅಲ್ಲಿ ಕೇಳಿಸಲೇ ಇಲ್ಲವೆನ್ನಲಾಗದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತನಾಡಿದರು, ಸದನ ಮೊದಲ ಬಾರಿಗೆ ಕನ್ನಡ ಕೇಳಿತು.

ಕಾಯ್ದೆಯ ತಿದ್ದುಪಡಿಗೆ ಸಂವಿಧಾನವನ್ನು ಮುಟ್ಟಬೇಕಿಲ್ಲ, ಎರಡೂ ಸದನಗಳಲ್ಲಿ ಸಾಮಾನ್ಯ ಬಹುಮತ ಸಾಕು. ವಿಧಾನಸಭೆಯ ನಿರ್ಣಯ ಕೇಂದ್ರವನ್ನು ಕೇಳಿಕೊಳ್ಳಬಹುದೇ ಹೊರತು ಅದರಾಚೆಗೆ ಏನೂ ಮಾಡಲಾರದು. ಸಂಸದರೊಬ್ಬರು ಖಾಸಗಿ ಮಸೂದೆ ತರಬಹುದು, ಆದರೆ ಅಂಥವುಗಳಲ್ಲಿ ಇದುವರೆಗೆ ಕಾಯ್ದೆಯಾದದ್ದು 14 ಮಾತ್ರ, ಕೊನೆಯದು 1970ರಲ್ಲಿ. ಆದ್ದರಿಂದ ಸರ್ಕಾರವೇ ಮಸೂದೆ ತರುವಂತೆ ಒತ್ತಡ ಹುಟ್ಟಬೇಕು, ಅದು ಸಮಿತಿಗೆ ಹೋದಾಗ ನಮ್ಮ ಮನವಿ ಅಲ್ಲಿರಬೇಕು. 2023ರಲ್ಲಿ 1980ರ ಕಾಯ್ದೆಗೇ ತಿದ್ದುಪಡಿ ಬಂದಾಗ ಜಂಟಿ ಸಮಿತಿ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ಮಸೂದೆಯಲ್ಲಿ ಒಂದು ಬದಲಾವಣೆಯನ್ನೂ ಸೂಚಿಸದೆ ಅದು ವರದಿ ಕೊಟ್ಟದ್ದು ನನಗೆ ಬೇಸರ ತಂದ ಸಂಗತಿ. ಆದರೂ ಮಸೂದೆಯ ಮುಖವನ್ನೇ ಬದಲಿಸಿದ 2006ರ ಸಮಿತಿಯೂ ಅದೇ ಸಂಸತ್ತಿನದು.

ಕಳೆದ ಬೇಸಿಗೆಯಲ್ಲಿ ಕಾಗದ ಒಣಗಿಸುವಾಗ ನೆರೆಯವರು ಹೊಸ ಮನವಿಯೊಂದನ್ನು ಬರೆದುಕೊಡಲು ಹೇಳಿದರು. ಅಂಗಳದಲ್ಲಿ ಕುಳಿತು ಬರೆದೆವು. 'ಮಾನ್ಯ ಶಾಸಕರಿಗೆ' ಎಂದು ಶುರುಮಾಡಿದ್ದ ಹಾಳೆಯನ್ನು ಬದಿಗಿಟ್ಟು, ಇನ್ನೊಂದರಲ್ಲಿ 'ಮಾನ್ಯ ಲೋಕಸಭಾ ಸದಸ್ಯರಿಗೆ' ಎಂದು ಬರೆದೆ. ವಿಷಯ ಎಂಬಲ್ಲಿ ಜಮೀನಿನ ಸರ್ವೆ ನಂಬರಿಗೆ ಬದಲು ಅರಣ್ಯ ಹಕ್ಕು ಕಾಯ್ದೆಯ ಕಲಂ 2(ಓ) ಮತ್ತು 4(8)ರ ತಿದ್ದುಪಡಿ ಎಂದು ಹಾಕಿದೆ. ಅವರು ಅದನ್ನು ಎರಡು ಸಲ ಓದಿಸಿಕೊಂಡು, ಕೆಳಗೆ ಸಹಿ ಮಾಡಿ, ಊರಿನ ಉಳಿದವರ ಸಹಿಗೆಂದು ಇನ್ನೂ ನಾಲ್ಕು ಖಾಲಿ ಹಾಳೆ ಕೇಳಿದರು.