ಎರಡು ಬಾಕ್ಸಿನ ನಡುವೆ ಕಳೆದುಹೋಗುವ ಷಡ್ಜ

ಧಾರವಾಡದ ಪೆಂಡಾಲಿನಲ್ಲಿ ಹಾಡು ಕೇಳಿದವರಿಗೆ ಇದರ ಅನುಭವವಿದೆ. ನಟ್ಟನಡುವೆ ಕೂತರೆ ದನಿ ತುಂಬಿ ಬರುತ್ತದೆ, ನಾಲ್ಕು ಕುರ್ಚಿ ಸರಿದರೆ ಅದೇ ದನಿ ಟೊಳ್ಳು. ‘ಸೌಂಡ್ ಹೆಚ್ಚ ಮಾಡ್ರಿ’ ಎಂದು ಮೈಕ್‌ಸೆಟ್‌ನವರನ್ನು ಕೂಗಿ ಉಪಯೋಗವಿಲ್ಲ. ಅಲ್ಲಿ ದನಿ ತಲುಪಿಲ್ಲವೆಂದಲ್ಲ. ವೇದಿಕೆಯ ಎರಡು ಬದಿಯ ಸ್ಪೀಕರ್ ಬಾಕ್ಸ್‌ಗಳಿಂದ, ಎರಡು ದಾರಿಯಲ್ಲಿ ತಲುಪಿ ತನ್ನನ್ನು ತಾನೇ ಅಳಿಸಿಕೊಂಡಿದೆ.

ಗದುಗಿನ ಗರುಡ ಸದಾಶಿವರಾಯರಂಥ ನಟರು ಕಂಠವನ್ನೇ ನಂಬಿ ನಿಂತ ಕಂಪನಿ ನಾಟಕದ ಕಾಲದಲ್ಲಿ ಈ ತಕರಾರಿಗೆ ಹೆಚ್ಚು ಎಡೆಯಿರಲಿಲ್ಲ. ದನಿ ಹೊರಡುವ ಜಾಗ ಒಂದೇ, ತಂಬುವಿನ ಬಟ್ಟೆ ಅದನ್ನು ಹೆಚ್ಚು ಹಿಂದಿರುಗಿಸುವುದೂ ಇಲ್ಲ. ಆದರೆ ತತ್ವ ಅದಕ್ಕಿಂತ ಹಳೆಯದು. ಜರ್ಮನಿಯ ಭೌತವಿಜ್ಞಾನಿ ಗಿಯೋರ್ಗ್ ಕ್ವಿಂಕೆ 1866ರಲ್ಲೇ ಕೊಳವೆಯೊಂದನ್ನು ಎರಡಾಗಿ ಕವಲೊಡೆಸಿ, ಮತ್ತೆ ಕೂಡಿಸಿ, ಒಂದು ಕವಲನ್ನು ಎಳೆದು ಉದ್ದ ಮಾಡುವಂತೆ ಇಟ್ಟಿದ್ದ. 500 ಹರ್ಟ್ಸ್, ಅಂದರೆ ಸೆಕೆಂಡಿಗೆ 500 ಸಲ ಕಂಪಿಸುವ ನಾದದ ಒಂದು ಅಲೆಯ ಉದ್ದ ಸುಮಾರು 70 ಸೆಂ.ಮೀ. ಕವಲನ್ನು 17.5 ಸೆಂ.ಮೀ. ಎಳೆದರೆ ಹೋಗುವ ದಾರಿ, ಬರುವ ದಾರಿ ಸೇರಿ 35 ಸೆಂ.ಮೀ. ಹೆಚ್ಚುತ್ತದೆ. ಅರ್ಧ ಅಲೆಯ ಅಂತರ; ಒಂದು ಅಲೆಯ ಉಬ್ಬು ಇನ್ನೊಂದರ ತಗ್ಗನ್ನು ಕೂಡಿ ನಾದ ಮಾಯ.

ಪೆಂಡಾಲಿನಲ್ಲೂ ಇದೇ ಲೆಕ್ಕ. ಬಾಕ್ಸ್‌ಗಳ ನಡುವೆ 10 ಮೀಟರ್ ಇರಲಿ. 15 ಮೀಟರ್ ಹಿಂದೆ, ನಡುವಿನಿಂದ 2 ಮೀಟರ್ ಪಕ್ಕಕ್ಕೆ ಕೂತವರಿಗೆ ಒಂದು ಬಾಕ್ಸ್ 15.30, ಇನ್ನೊಂದು 16.55 ಮೀಟರ್ ದೂರ. 31 ಡಿಗ್ರಿ ಸೆಖೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ 350 ಮೀಟರ್. 1.25 ಮೀಟರ್ ಅಂತರ 140 ಹರ್ಟ್ಸ್‌ಗೆ ಅರ್ಧ ಅಲೆ. ಅಂದರೆ ಕರಿ ಒಂದರಲ್ಲಿ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವವರ ಷಡ್ಜಕ್ಕೇ ಪೆಟ್ಟು. 420ಕ್ಕೂ ಪೆಟ್ಟು, ನಡುವಿನ 280 ಮಾತ್ರ ಉಬ್ಬುತ್ತದೆ. ದನಿಯ ಬಣ್ಣ ಕೆಡುವುದು ಹೀಗೆ. ಬೇಸ್ ಬಾಕ್ಸ್‌ಗಳನ್ನಾದರೂ ವೇದಿಕೆಯ ನಡುವೆ ಒಟ್ಟಿಗೆ ಇಡಿ.

ನಟ್ಟನಡುವೆಯೇ ಬೇಸ್ ಸತ್ತಿದ್ದರೆ ವೈರ್ ನೋಡಿ. ಒಂದು ಬಾಕ್ಸಿಗೆ ಪ್ಲಸ್–ಮೈನಸ್ ಅದಲು ಬದಲಾಗಿರುತ್ತದೆ. ಆಂಪ್ಲಿಫೈಯರ್ ವೈರ್ ಬಿಚ್ಚಿ 1.5 ವೋಲ್ಟ್ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದರೆ ಎರಡೂ ಬಾಕ್ಸಿನ ಕೋನ್ (ಕಂಪಿಸುವ ಪರದೆ) ಒಂದೇ ದಿಕ್ಕಿಗೆ ಜಿಗಿಯಬೇಕು.

ಹಿಂದಿನ ಸಾಲಿಗೆಂದು 35 ಮೀಟರ್ ದೂರದಲ್ಲಿ ಇಡುವ ಬಾಕ್ಸಿಗೆ, ವೇದಿಕೆಯ ದನಿ ಅಲ್ಲಿಗೆ ಬರಲು ಹಿಡಿಯುವ 100 ಮಿಲಿಸೆಕೆಂಡಿನಷ್ಟೇ ಡಿಲೇ (ಬೇಕೆಂದೇ ಮಾಡುವ ತಡ) ಸಾಕೆನಿಸುತ್ತದೆ. ಸಾಲದು. ಮೊದಲು ಬಂದ ದನಿಯ ಕಡೆಗೇ ಕಿವಿ ಒಲಿಯುತ್ತದೆಂದು ಜರ್ಮನಿಯ ಸಂಶೋಧಕ ಹೆಲ್ಮುಟ್ ಹಾಸ್ 1949ರಲ್ಲಿ ತೋರಿಸಿದ್ದಾರೆ. ಅಹೋರಾತ್ರಿ ಕಛೇರಿಯಲ್ಲಿ ನಡುರಾತ್ರಿ ಗಾಳಿ 21 ಡಿಗ್ರಿಗೆ ಇಳಿದರೆ ವೇದಿಕೆಯ ದನಿ ಸುಮಾರು 1.7 ಮಿಲಿಸೆಕೆಂಡ್ ತಡವಾಗಿ, ಹಾಡು ಹಿಂದಿನ ಬಾಕ್ಸಿನಿಂದಲೇ ಬಂದಂತಾಗುತ್ತದೆ. ಆದ್ದರಿಂದ ಸಂಜೆಯೇ 110ಕ್ಕೆ ಇಟ್ಟುಬಿಡಿ.