ಕೊಲೆಗಾರನಿಗೆ ಮುಖವಾಡ ಯಾಕೆ?

ಪ್ರಶ್ನೆ: ಇಂಗ್ಲಿಷ್ ಹಾರರ್ ಸಿನಿಮಾಗಳಲ್ಲಿ ಕೊಲೆಗಾರ ಯಾವಾಗಲೂ ಮುಖವಾಡ ಹಾಕಿಕೊಂಡೇ ಬರುತ್ತಾನಲ್ಲ, ಯಾಕೆ? ಗುರುತು ಸಿಗಬಾರದು ಅಂತಲಾ? ಕಂಡವರನ್ನೆಲ್ಲ ಕೊಂದೇ ಹಾಕುವವನಿಗೆ ಗುರುತಿನ ಚಿಂತೆ ಎಂತದ್ದು? ಅದೂ ಹೆಂಗಸರ ಹಿಂದೆಯೇ ಯಾಕೆ? (ಬ್ರಹ್ಮಾವರದ ಓದುಗರು)

ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಆಗಾಗ ಬರುತ್ತದೆ. ಬ್ರಹ್ಮಾವರದವರು ಮಾತ್ರ ವಕೀಲರ ಹಾಗೆ ಪಾಟೀಸವಾಲು ಹಾಕಿದ್ದಾರೆ. ಹೌದು, ಸಾಕ್ಷಿಯೇ ಉಳಿಯದ ಕಡೆ ಮುಖ ಮುಚ್ಚಿಕೊಳ್ಳುವುದು ಯಾರಿಂದ? ಸಾಯುವವಳಿಂದ ಅಲ್ಲ ಎಂಬುದಂತೂ ಖಂಡಿತ. ಸೋಫಾದಲ್ಲಿ ಕೂತ ನಮ್ಮಿಂದ.

ನನಗೆ ಇದು ಹೊಳೆದದ್ದು ಪುಸ್ತಕ ಓದಿ ಅಲ್ಲ, ಪಕ್ಕದ ಮನೆಯ ಅಜ್ಜಿಯಿಂದ. ಆಗ ನಾವು ಮಂಗಳೂರಿನ ಬಿಜೈಯಲ್ಲಿದ್ದೆವು. ಪಕ್ಕದ ಮನೆಯ ಅಣ್ಣ ದುಬೈಯಿಂದ ವಿಸಿಆರ್ ತಂದಿದ್ದರು, ಜೊತೆಗೆ ಒಂದು ಚೀಲ ಕ್ಯಾಸೆಟ್. ಒಂದರ ಮೇಲೆ ಸಿನಿಮಾದ ಹೆಸರೇ ಇಲ್ಲ, ಬಾಲ್‌ಪೆನ್ನಿನಲ್ಲಿ 'ಹಾರರ್' ಅಂತ ಗೀಚಿದ್ದು ಅಷ್ಟೆ. ಮಳೆಗಾಲದ ಒಂದು ಮಧ್ಯಾಹ್ನ ನಾವು ನಾಲ್ಕೈದು ಮಕ್ಕಳು ಅದನ್ನು ಹಾಕಿಕೊಂಡು ಕೂತೆವು. ಗೋಡೆಗೆ ಒರಗಿ ಅಜ್ಜಿ, ತೊಡೆಯ ಮೇಲೆ ತಡ್ಪೆ (ಮೊರ), ತಡ್ಪೆಯಲ್ಲಿ ಕತ್ತರಿಸಿದ ಬೀಡಿ ಎಲೆ, ಹೊಗೆಸೊಪ್ಪು, ನೂಲಿನ ಉಂಡೆ. ಅವರ ಬೆರಳು ನಿಲ್ಲುತ್ತಿರಲಿಲ್ಲ, ಕಣ್ಣು ಮಾತ್ರ ಟಿವಿಯ ಮೇಲೆ.

ತೆರೆಯ ಮೇಲೆ ಹಿಮ. ಹಾಡುಹಗಲು. ಹೆಪ್ಪುಗಟ್ಟಿದ ಕೆರೆಯ ಮೇಲೆ ಒಬ್ಬಳು ಹುಡುಗಿ ಟೇಪ್ ರೆಕಾರ್ಡರ್ ಹಚ್ಚಿಟ್ಟು ಒಬ್ಬಳೇ ಸ್ಕೇಟಿಂಗ್ ಮಾಡುತ್ತಿದ್ದಾಳೆ. ಹಾಡು ಗಕ್ಕನೆ ನಿಲ್ಲುತ್ತದೆ. ಹುಡುಕಿಕೊಂಡು ಹೋದವಳಿಗೆ ಹಿಮದಲ್ಲಿ ಹೂತ ಒಂದು ಗೊಂಬೆ ಸಿಗುತ್ತದೆ. ತಲೆ ಎತ್ತಿದರೆ ಆ ತುದಿಯಿಂದ ಒಂದು ಆಕೃತಿ, ಅದೂ ಸ್ಕೇಟ್ ಕಟ್ಟಿಕೊಂಡು, ನಿಧಾನವಾಗಿ ಜಾರುತ್ತ ಬರುತ್ತಿದೆ. ಕೈಯಲ್ಲಿ ಕುಡುಗೋಲು. ಮುಖಕ್ಕೆ ಸುಕ್ಕುಗಟ್ಟಿದ ಮುದುಕಿಯ ಮುಖವಾಡ.

ನಾವು ಮಕ್ಕಳು ಉಸಿರು ಬಿಗಿಹಿಡಿದು ಕೂತಿದ್ದೆವು. ಅಜ್ಜಿಯ ಬೆರಳು ನಿಂತಿತು. "ಅವು ದಾಯೆಗ್ ಪಾತೆರುಜಿ?" ಎಂದರು. ಅದು ಯಾಕೆ ಮಾತಾಡುವುದಿಲ್ಲ?

ಆ ಸಿನಿಮಾದ ಹೆಸರು 'ಕರ್ಟನ್ಸ್' ಎಂದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಕೆನಡಾದ್ದು. 1980ರ ಕೊನೆಗೆ ಶೂಟಿಂಗ್ ಶುರುವಾಗಿ, ಜಗಳ, ಮರುಚಿತ್ರೀಕರಣ ಎಲ್ಲ ಆಗಿ ತೆರೆಗೆ ಬಂದದ್ದು 1983ರಲ್ಲಿ. ಕತೆ ಸರಳ. ಒಬ್ಬ ದೊಡ್ಡ ನಟಿ ಹುಚ್ಚಿಯ ಪಾತ್ರಕ್ಕೆ ತಯಾರಿ ಮಾಡಲು ತಾನೇ ಆಸ್ಪತ್ರೆಗೆ ಸೇರುತ್ತಾಳೆ. ನಿರ್ದೇಶಕ ಅವಳನ್ನು ಅಲ್ಲೇ ಬಿಟ್ಟು, ಅದೇ ಪಾತ್ರಕ್ಕೆ ಎಳೆಯ ನಟಿಯರನ್ನು ತನ್ನ ಒಂಟಿ ಬಂಗಲೆಗೆ ಆಡಿಷನ್‌ಗೆ ಕರೆಸುತ್ತಾನೆ. ಒಬ್ಬೊಬ್ಬಳೇ ಸಾಯುತ್ತಾಳೆ. ಇನ್ನೂ ತಮಾಷೆಯ ಸಂಗತಿ ಒಂದುಂಟು. ನಿಜವಾದ ನಿರ್ದೇಶಕ ರಿಚರ್ಡ್ ಚುಪ್ಕಾ ಅವರಿಗೂ ನಿರ್ಮಾಪಕ ಪೀಟರ್ ಸಿಂಪ್ಸನ್ ಅವರಿಗೂ ಸರಿಬರಲಿಲ್ಲ. ಒಬ್ಬರಿಗೆ ಗಂಭೀರ ಥ್ರಿಲ್ಲರ್ ಬೇಕು, ಇನ್ನೊಬ್ಬರಿಗೆ ಓಡುವ ಸ್ಲಾಶರ್, ಅಂದರೆ ಕೊಲೆಗಾರ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವ ಸಿನಿಮಾ. ಚುಪ್ಕಾ ಹೊರನಡೆದರು, ಹೆಸರನ್ನೂ ತೆಗೆಸಿದರು. ಕೊನೆಗೆ ಟೈಟಲ್ ಕಾರ್ಡಿನಲ್ಲಿ ನಿರ್ದೇಶಕ ಎಂದು ಬಂದದ್ದು ಜೊನಾಥನ್ ಸ್ಟ್ರೈಕರ್, ಅಂದರೆ ಕತೆಯೊಳಗಿನ ಆ ನಿರ್ದೇಶಕನ ಪಾತ್ರದ ಹೆಸರು! ನಿರ್ದೇಶಕರೇ ಮುಖವಾಡ ಹಾಕಿಕೊಂಡ ಸಿನಿಮಾ.

ಸಿನಿಮಾ ಒಟ್ಟಾರೆ ಎರಡು ಬೇರೆ ಬಟ್ಟೆ ಸೇರಿಸಿ ಹೊಲಿದ ಹಾಗಿದೆ, ಹೊಲಿಗೆ ಕಾಣುತ್ತದೆ. ಆದರೆ ಆ ಕೆರೆಯ ದೃಶ್ಯ ಒಂದೇ ಸಾಕು, ಮುಖವಾಡದ ಕೆಲಸ ಎಂತದ್ದು ಎಂದು ತೋರಿಸಲು.

ಮೊದಲು ವ್ಯವಹಾರದ ಕಾರಣ ಹೇಳಿ ಮುಗಿಸುತ್ತೇನೆ. ಮುಖವಾಡ ಅಗ್ಗ. ಅದರೊಳಗೆ ಇವತ್ತು ನಟ, ನಾಳೆ ಸ್ಟಂಟ್‌ನವ, ನಾಡಿದ್ದು ಕೈ ಖಾಲಿ ಇರುವ ಯಾರಾದರೂ ನಿಲ್ಲಬಹುದು. ಎರಡನೇ ಭಾಗ, ಮೂರನೇ ಭಾಗ ತೆಗೆಯುವಾಗ ಹಳೆಯ ನಟನ ಸಂಬಳದ ತಕರಾರು ಇಲ್ಲ. ಕೊಲೆಗಾರ ಯಾರೆಂಬ ಒಗಟನ್ನು ಕೊನೆಯವರೆಗೆ ಎಳೆಯಬಹುದು, ಒಂದೇ ಮುಖವಾಡವನ್ನು ಇಬ್ಬರು ಹಂಚಿಕೊಂಡು ಪ್ರೇಕ್ಷಕರಿಗೆ ಟೋಪಿ ಹಾಕಿದ ಸಿನಿಮಾಗಳೂ ಉಂಟು. ಯಾವುವು ಎಂದರೆ ಗುಟ್ಟು ರಟ್ಟು, ಹೇಳುವುದಿಲ್ಲ.

ಅಗ್ಗ ಎಂದೆನಲ್ಲ, ಜಾನ್ ಕಾರ್ಪೆಂಟರ್ ಅವರ 1978ರ 'ಹ್ಯಾಲೋವೀನ್' ಅದಕ್ಕೆ ಉದಾಹರಣೆ. ಅಂಗಡಿಯಲ್ಲಿ ಎರಡು ಡಾಲರಿನೊಳಗೆ ಸಿಕ್ಕಿದ ರಬ್ಬರ್ ಮುಖವಾಡ, 'ಸ್ಟಾರ್ ಟ್ರೆಕ್' ಎಂಬ ಟಿವಿ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನದು, ಅಂದರೆ ನಟ ವಿಲಿಯಂ ಶಾಟ್ನರ್ ಅವರ ಮುಖ. ಕಣ್ಣಿನ ತೂತು ದೊಡ್ಡದು ಮಾಡಿ, ಕೂದಲು ಬದಲಿಸಿ, ಬಿಳಿ ಬಣ್ಣ ಬಳಿದರು. ಅದರ ಪಕ್ಕದಲ್ಲಿ ಒಂದು ಕೋಡಂಗಿ ಮುಖವಾಡವನ್ನೂ ಪರೀಕ್ಷಿಸಿದ್ದರು. ಕೋಡಂಗಿಗೆ ಕನಿಷ್ಠ ಒಂದು ನಗು ಇರುತ್ತದೆ, ಈ ಬಿಳಿ ಮುಖಕ್ಕೆ ಏನೂ ಇಲ್ಲ. ಅದನ್ನೇ ಆರಿಸಿದರು. ಒಂದು ದೃಶ್ಯದಲ್ಲಿ ನಾಯಕಿ ಕತ್ತಲೆಯ ಬಾಗಿಲಿಗೆ ಬೆನ್ನು ಹಾಕಿ ನಿಂತಿರುವಾಗ ಆ ಬಿಳಿ ಮುಖ ಕತ್ತಲೆಯೊಳಗಿಂದ ಮೆಲ್ಲಗೆ ಮೂಡಿ ಬರುತ್ತದೆ. ಅಲ್ಲಿ ನಟನೆ ಏನೂ ಇಲ್ಲ, ಛಾಯಾಗ್ರಾಹಕ ಡೀನ್ ಕಂಡಿ ಒಂದು ದೀಪವನ್ನು ನಿಧಾನಕ್ಕೆ ಏರಿಸಿದ್ದು ಅಷ್ಟೆ. ಇನ್ನು 'ಫ್ರೈಡೇ ದ ಥರ್ಟೀಂತ್' ಸರಣಿಯ ಕೊಲೆಗಾರ ಜೇಸನ್‌ನ ಪ್ರಸಿದ್ಧ ಮುಖವಾಡ, ಹಾಕಿ ಆಟದವರದು, ಬಂದದ್ದೇ ಮೂರನೇ ಭಾಗದಲ್ಲಿ, 1982ರಲ್ಲಿ. ಅದಕ್ಕೂ ಹಿಂದಿನ ಭಾಗದಲ್ಲಿ ತಲೆಗೆ ಒಂದು ಗೋಣಿಯಂತಹ ಚೀಲ.

ಈ ಸಾಲಿಗೆಲ್ಲ ಅಜ್ಜ ಎಂದರೆ ಇಟಲಿಯ ಮಾರಿಯೊ ಬಾವಾ ಅವರ 1964ರ ಸಿನಿಮಾ. ಫ್ಯಾಶನ್ ಅಂಗಡಿಯ ಮಾಡೆಲ್‌ಗಳು, ಹ್ಯಾಟು, ಉದ್ದ ಕೋಟು, ಮುಖಕ್ಕೆ ಬಿಳಿ ಬಟ್ಟೆ ಬಿಗಿದ ಕೊಲೆಗಾರ. ಕಣ್ಣು, ಮೂಗು, ಬಾಯಿ ಯಾವುದೂ ಇಲ್ಲ. ಅದರ ಇಟಾಲಿಯನ್ ಹೆಸರನ್ನು ಕನ್ನಡಕ್ಕೆ ತಂದರೆ 'ಕೊಲೆಗಾರನಿಗೆ ಆರು ಹೆಂಗಸರು' ಎಂದಾಗುತ್ತದೆ. ಹೆಂಗಸರೇ ಯಾಕೆ ಎಂಬ ನಿಮ್ಮ ಪ್ರಶ್ನೆ ಹೆಸರಿನಲ್ಲೇ ಕೂತಿದೆ ನೋಡಿ.

ಅದಕ್ಕೆ ಬರುತ್ತೇನೆ. ಲೆಕ್ಕ ಹಾಕಿದರೆ ಈ ಸಿನಿಮಾಗಳಲ್ಲಿ ಗಂಡಸರೂ ಬೇಕಾದಷ್ಟು ಸಾಯುತ್ತಾರೆ. ಗಂಡಸು ಒಂದೇ ಏಟಿಗೆ ಹೋಗುತ್ತಾನೆ, ಎಷ್ಟೋ ಸಲ ಕ್ಯಾಮೆರಾ ಆ ಕಡೆ ತಿರುಗುವುದೂ ಇಲ್ಲ. ಹೆಂಗಸಿನ ಹೆದರಿಕೆಯನ್ನು ಮಾತ್ರ ಎಳೆದು ಎಳೆದು ತೋರಿಸುತ್ತಾರೆ: ಓಡುವುದು, ಬಾಗಿಲು ಬಡಿಯುವುದು, ಅಡಗುವುದು, ಉಸಿರು. ಟಿಕೆಟ್ ಮಾರಾಟವಾಗುವುದು ಆ ಎಳೆತಕ್ಕೆ. ಅಮೆರಿಕದ ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಈಬರ್ಟ್ 1980ರಲ್ಲೇ ತಮ್ಮ ಟಿವಿ ಕಾರ್ಯಕ್ರಮದ ಒಂದು ಇಡೀ ಕಂತನ್ನು ಇದಕ್ಕೆ ಮೀಸಲಿಟ್ಟು ಸಿಟ್ಟು ತೋಡಿಕೊಂಡಿದ್ದರು. ಅವರ ಮುಖ್ಯ ಆಕ್ಷೇಪ ಕ್ಯಾಮೆರಾದ ಬಗ್ಗೆ. ಅದು ಕೊಲೆಗಾರನ ಕಣ್ಣಾಗಿಬಿಡುತ್ತದೆ, ನಾವು ಅವನ ಜೊತೆ ಸೇರಿ ಹೆಣ್ಣನ್ನು ಹಿಂಬಾಲಿಸುತ್ತೇವೆ.

'ಹ್ಯಾಲೋವೀನ್'ನ ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಒಬ್ಬ ಹುಡುಗ ನೆಲದಲ್ಲಿ ಬಿದ್ದ ಮುಖವಾಡ ಎತ್ತಿ ಹಾಕಿಕೊಳ್ಳುತ್ತಾನೆ. ತಕ್ಷಣ ಇಡೀ ತೆರೆ ಕಪ್ಪಾಗಿ ಎರಡು ಕಣ್ಣಿನ ತೂತು ಮಾತ್ರ ಉಳಿಯುತ್ತದೆ. ಮುಂದಿನದನ್ನು ನಾವು ಆ ತೂತಿನಿಂದಲೇ ನೋಡಬೇಕು. ಮುಖವಾಡ ಈಗ ನಮ್ಮ ಮುಖದ ಮೇಲಿದೆ. ನನಗೆ ಆ ಸಿನಿಮಾದಲ್ಲಿ ನಿಜವಾಗಿ ಮುಜುಗರ ಆಗುವ ಜಾಗ ಅದೊಂದೇ, ಮತ್ತದ್ದೆಲ್ಲ ಹೆದರಿಕೆ.

ಇದಕ್ಕೆ ಇನ್ನೊಂದು ಮಗ್ಗುಲನ್ನು ತೋರಿಸಿದವರು ಕ್ಯಾರಲ್ ಕ್ಲೋವರ್ ಎಂಬ ವಿದ್ವಾಂಸೆ. 1987ರ ಪ್ರಬಂಧವೊಂದರಲ್ಲಿ ಅವರು 'ಫೈನಲ್ ಗರ್ಲ್' ಎಂಬ ಮಾತು ತಂದರು: ಎಲ್ಲರೂ ಸತ್ತ ಮೇಲೆ ಉಳಿದು, ತಿರುಗಿ ನಿಂತು ಎದುರಿಸುವ ಹುಡುಗಿ. ಮೊದಲು ಕೊಲೆಗಾರನ ಕಣ್ಣಿನಿಂದ ನೋಡುತ್ತಿದ್ದ ಗಂಡು ಪ್ರೇಕ್ಷಕ ಕೊನೆಗೆ ಅವಳ ಪಕ್ಷಕ್ಕೆ ಬಂದಿರುತ್ತಾನೆ ಎಂಬುದು ಅವರ ವಾದ. ಒಪ್ಪಬಹುದು, ಅರ್ಧ. ಆ ಕೊನೆಯ ಹತ್ತು ನಿಮಿಷ ಮೊದಲಿನ ಎಂಬತ್ತು ನಿಮಿಷಕ್ಕೆ ಜಮೆಯಾಗುತ್ತದೆ ಎಂದು ನನಗೆ ಅನಿಸುವುದಿಲ್ಲ.

ಈಗ ಅಜ್ಜಿಯ ಮಾತಿಗೆ. ನಮ್ಮ ಊರಿನವರಿಗೆ ಮುಖವಾಡ ಹೊಸದಲ್ಲವಲ್ಲ. ಭೂತಕೋಲಕ್ಕೆ ಭಂಡಾರದಿಂದ ಬರುವ ದೈವಗಳ ಮುಖವಾಡ, ಪಂಜುರ್ಲಿಯ ಮೊಗ, ಜುಮಾದಿಯ ಮೊಗ, ಹಿತ್ತಾಳೆಯದು, ಬೆಳ್ಳಿಯದು, ದೊಂದಿಯ ಬೆಳಕಿನಲ್ಲಿ ಅದರ ಕಣ್ಣು ಅಲುಗಿದ ಹಾಗೆ ಕಾಣುವುದನ್ನು ನೋಡಿ ಬೆಳೆದವರು ನಾವು. ದೈವದ ವಿಷಯವನ್ನು ಸಿನಿಮಾದ ಪಕ್ಕ ಇಟ್ಟೆನೆಂದು ಯಾರೂ ಬೇಸರಿಸಬಾರದು, ವ್ಯತ್ಯಾಸ ಹೇಳುವುದಕ್ಕೇ ಇಟ್ಟದ್ದು. ಅಲ್ಲಿ ವೇಷ ಕಟ್ಟುವವರು ಯಾರೆಂದು ಊರಿಗೆಲ್ಲ ಗೊತ್ತು. ಎಣ್ಣೆ ಬೂಳ್ಯ (ಎಣ್ಣೆ, ವೀಳ್ಯ) ಪಡೆದು, ಎಲ್ಲರ ಕಣ್ಣೆದುರು ಮುಖಕ್ಕೆ ಅರದಾಳದ ಹಳದಿ ಬಣ್ಣ ಹಚ್ಚಿ, ಕಾಲಿಗೆ ಗಗ್ಗರ ಕಟ್ಟಿ ತಯಾರಾಗುತ್ತಾರೆ. ಮುಖ್ಯವಾಗಿ, ದೈವ ನುಡಿ ಕೊಡುತ್ತದೆ. ಹೆಸರು ಹಿಡಿದು ಕರೆಯುತ್ತದೆ, ಗದರಿಸುತ್ತದೆ, ಅಭಯ ಕೊಡುತ್ತದೆ, ಜಮೀನಿನ ತಕರಾರನ್ನೂ ಕೇಳುತ್ತದೆ. ನಾವೂ ಎದುರು ನಿಂತು ಹೇಳಿಕೊಳ್ಳಬಹುದು. ಅಜ್ಜಿಗೆ ಗೊತ್ತಿದ್ದ ಮುಖವಾಡ ಅದು. ಕುಡುಗೋಲು ಹಿಡಿದು ಜಾರಿ ಬರುವ ಆ ಮುದುಕಿ ಮುಖಕ್ಕೆ ಒಂದು ಮಾತೂ ಇಲ್ಲ. ಅದಕ್ಕೆ ಕೋಪವೋ, ಹಸಿವೋ, ಹಳೆಯ ಅನ್ಯಾಯವೋ ಗೊತ್ತಾಗುವುದಿಲ್ಲ, ಕಾಲು ಹಿಡಿದು ತಪ್ಪಾಯಿತು ಎನ್ನಲೂ ದಾರಿ ಇಲ್ಲ. ಸ್ಲಾಶರ್‌ನ ಮುಖವಾಡ ಮುಚ್ಚುವುದು ಗುರುತನ್ನಲ್ಲ, ಈ ದಾರಿಯನ್ನು.

ಕೃಷ್ಣಾಷ್ಟಮಿಯ ವೇಷ ನೋಡಲು ಉಡುಪಿಯ ರಥಬೀದಿಗೆ ಹೋದವರಿಗೆ ಇದು ಬೇಗ ಅರ್ಥವಾದೀತು. ರವಿ ಕಟಪಾಡಿಯವರು ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಕೂಡಿಸಲು ಹಾಕುತ್ತಿದ್ದ ವೇಷಗಳು ಹಾಲಿವುಡ್ ರಾಕ್ಷಸರಿಗೇನೂ ಕಡಿಮೆ ಇರಲಿಲ್ಲ. ಎಳೆಯ ಮಕ್ಕಳು ಚೀರುತ್ತವೆ. ಅಮ್ಮ "ಅದು ರವಿಯಣ್ಣ, ಹತ್ತು ರೂಪಾಯಿ ಹಾಕಿ ಬಾ" ಎಂದರೆ ಅದೇ ಮಗು ಡಬ್ಬಿಯ ಹತ್ತಿರ ಹೋಗಿ ಬರುತ್ತದೆ. ಮುಖವಾಡ ಅದೇ, ಒಳಗೊಂದು ಹೆಸರು ಸಿಕ್ಕಿತು.

ನಮ್ಮ ಕಡೆಯ ಭೂತದ ಕತೆಯೇ ಕೊಲೆಯ ಸಿನಿಮಾದ ದಾರಿ ಹಿಡಿದದ್ದೂ ಉಂಟು. 2015ರ ಕನ್ನಡ ಸಿನಿಮಾ 'ರಂಗಿತರಂಗ' ಕಮರೊಟ್ಟು ಎಂಬ ಕಲ್ಪಿತ ಊರು, ಗರ್ಭಿಣಿಯರ ಸಾವು, ಗುಡ್ಡದ ಭೂತದ ಗುಮಾನಿ ಇಟ್ಟುಕೊಂಡು, ದೂರದರ್ಶನದಲ್ಲಿ ಸದಾನಂದ ಸುವರ್ಣರ 'ಗುಡ್ಡದ ಭೂತ' ಧಾರಾವಾಹಿ ನೋಡಿದವರ ಹಳೆಯ ನಡುಕವನ್ನೂ ಎಬ್ಬಿಸಿತು.

'ಕರ್ಟನ್ಸ್'ನಲ್ಲಿ ಇನ್ನೂ ಒಂದು ಪದರವಿದೆ. ಎಳೆಯ ನಟಿಯರ ಪೈಪೋಟಿಯ ಕತೆಯಲ್ಲಿ ಕೊಲೆಗಾರ ಆರಿಸಿಕೊಂಡದ್ದು ಮುದುಕಿಯ ಮುಖ. ಅವರೆಲ್ಲರೂ ಒಂದಲ್ಲ ಒಂದು ದಿನ ಆಗಬೇಕಾದ, ಆದ ದಿನ ಪಾತ್ರ ಕಳೆದುಕೊಳ್ಳಬೇಕಾದ ಮುಖ. ಅವರ ಆತ್ಮಾಭಿಮಾನವನ್ನು ಹಿಂಡುವ ನಿರ್ದೇಶಕನ ಮುಖಕ್ಕೆ ಮಾತ್ರ ಯಾವ ಮುಖವಾಡವೂ ಇಲ್ಲ.

ಆ ಮಧ್ಯಾಹ್ನ ನಾವು ಸಿನಿಮಾ ಪೂರ್ತಿ ನೋಡಿದೆವು. ಕೊನೆಗೆ ಕೊಂದದ್ದು ಯಾರೆಂದು ಬಯಲಾಗಿ, ಆ ಮುಖ ಬಾಯಿ ಬಿಟ್ಟು ಮಾತಾಡತೊಡಗಿತು. ಅಜ್ಜಿ ಟಿವಿಯಿಂದ ಕಣ್ಣು ತೆಗೆದು ಬೀಡಿಯ ಕಟ್ಟು ಎಣಿಸಲು ಶುರುಮಾಡಿದರು.